ಬೇಸಿಗೆಯಲ್ಲಿ ಹಾಲು ಯಾಕೆ ಇಳಿಯುತ್ತದೆ?



ಏಪ್ರಿಲ್ ಬಂತೆಂದರೆ ಡೈರಿ ಮುಂದೆ ನಮ್ಮದೆಲ್ಲ ಒಂದೇ ಮಾತು: "ಹಿಂಡಿ ಅಷ್ಟೇ ಹಾಕ್ತೀವಿ, ಹಾಲು ಯಾಕೆ ಇಳೀತು?" ಉತ್ತರದ ಒಂದು ಪಾಲು ಹಸುವಿನ ಜೀವಕೋಶದಲ್ಲಿದೆ.

ಹಸುವಿನ ಮೈಬಿಸಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಅದು ಏರಿದರೆ ಕೋಶದೊಳಗಿನ ಪ್ರೋಟೀನುಗಳು ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟತೊಡಗುತ್ತವೆ. ಮೊಟ್ಟೆ ಬೇಯಿಸಿದಾಗ ಲೋಳೆ ಗಟ್ಟಿಯಾಗೋದಿಲ್ವೆ, ಆ ಜಾತಿಯದೇ ಕೆಡುಕು. ಆಗ ಕೋಶವು ದಿನನಿತ್ಯದ ಕೆಲಸ ತಗ್ಗಿಸಿ 'ಶಾಖಾಘಾತ ಪ್ರೋಟೀನು'ಗಳನ್ನು ತಯಾರಿಸುತ್ತದೆ. ಇವು ಬಿಚ್ಚಿದ್ದನ್ನು ಮತ್ತೆ ಮಡಿಸಿ ಸರಿಮಾಡುತ್ತವೆ. ಇದರ ಮೊದಲ ಸುಳಿವನ್ನು ಇಟಲಿಯ ರಿಟೋಸಾ ಎಂಬ ವಿಜ್ಞಾನಿ 1962ರಲ್ಲಿ ಪ್ರಕಟಿಸಿದರು, ಅದೂ ಹಣ್ಣಿನ ನೊಣದಲ್ಲಿ ಕಂಡು! ನೊಣಕ್ಕೂ ಹಸುವಿಗೂ ನಮಗೂ ಉಪಾಯ ಒಂದೇ.

ಈ ರಿಪೇರಿಗೆ ಶಕ್ತಿ ಖರ್ಚಾಗುತ್ತದೆ. ಬಿಸಿಲಿಗೆ ಮೇವೂ ಕಡಿಮೆ ತಿನ್ನುತ್ತದೆ. ಇನ್ನು ಹಾಲಿಗೆ ಉಳಿಯೋದೆಷ್ಟು? ಮೊದಲೆರಡು ದಿನದ ಭ್ರೂಣಕ್ಕಂತೂ ಈ ರಕ್ಷಣೆ ಸಾಲದು. ಬೇಸಿಗೆಯಲ್ಲಿ ಇಂಜೆಕ್ಷನ್ ಮಾಡಿಸಿದರೂ ಗಬ್ಬ ನಿಲ್ಲದಿರಲು ಇದೂ ಕಾರಣ.

ಡುಬ್ಬದ ತಳಿಗಳ ಕೋಶಗಳು ಬಿಸಿಯನ್ನು ಹೆಚ್ಚು ತಾಳುತ್ತವೆ. ನಮ್ಮ ಹಳ್ಳಿಕಾರ್ ಆ ಬಳಗದ್ದೇ. ಆದರೆ ಕ್ಯಾನು ತುಂಬಿಸೋದು ಎಚ್.ಎಫ್. ಮಿಶ್ರತಳಿ, ಅದನ್ನು ಕಟ್ಟಿದ ಮೇಲೆ ನೆರಳಿನ ಹೊಣೆ ನಮ್ಮದು. ಶೀಟಿನ ಕೊಟ್ಟಿಗೆಗೆ ತೆಂಗಿನ ಗರಿ ಹೊದಿಸೋಣ, ಗಾಳಿಯಾಡಲಿ. ಮಧ್ಯಾಹ್ನ ಮೈಗೆ ನೀರು ಹಾಕೋಣ. ಮೇವು ಹೊತ್ತು ಇಳಿದ ಮೇಲೆ. ಬಾಯಿ ತೆರೆದು ಏದುಸಿರು ಬಿಡುತ್ತ ಜೊಲ್ಲು ಸುರಿಸಿದರೆ ಮಾತ್ರ ಸಂಜೆವರೆಗೆ ಕಾಯಬೇಡಿ, ಪಶುವೈದ್ಯರನ್ನು ಕರೆಸಿ.