ಕಡತ ತೀರಿತು, ಕೆಲಸ ತೀರಲಿಲ್ಲ

(ಪೋರೂರಿನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ಸರಕಾರಿ ಕಡತದ ಮಾತೇಕೆ ಎಂದು ನೀವು ಕೇಳಬಹುದು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮದರಾಸಿನ ಆಡಳಿತಕ್ಕೇ ಸೇರಿದ್ದಿತಷ್ಟೆ. ಮಂಗಳೂರಿನ ಗುಮಾಸ್ತನಿಗೂ ಇಲ್ಲಿಯ ಗುಮಾಸ್ತನಿಗೂ ಆಗ ಒಂದೇ ಕಟ್ಟಳೆ. ಟಾಟನ್‌ಹ್ಯಾಂ ಎಂಬ ಆಂಗ್ಲ ಅಧಿಕಾರಿ ಹಾಕಿಕೊಟ್ಟ ಪದ್ಧತಿ ಅದು. ಬಂದ ಕಾಗದಕ್ಕೊಂದು ಸಂಖ್ಯೆ, ಗುಮಾಸ್ತನಿಗೊಂದು ಸ್ವಂತ ರಿಜಿಸ್ಟರು. ಯಾವ ಕಾಗದ ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತೆಂಬುದು ಅದರಲ್ಲಿ ಬಯಲಾಗಬೇಕು. ತೀರಿದ ಕಡತಗಳಲ್ಲಿಯೂ ತರತಮವುಂಟು: ಕೆಲವನ್ನು ಶಾಶ್ವತವಾಗಿ ಇಡಬೇಕು, ಕೆಲವನ್ನು ಹತ್ತು ವರ್ಷ, ಕೆಲವನ್ನು ಮೂರು, ಇನ್ನು ಕೆಲವಕ್ಕೆ ಒಂದೇ ವರ್ಷದ ಆಯುಸ್ಸು. ಕಾಗದ ಕಳೆದುಹೋಗದಂತೆ ಕಾಯಲು ಒಳ್ಳೆಯ ಪದ್ಧತಿಯೇ ಸರಿ. ಆದರೆ ಅದು ಎಣಿಸುವುದು ಕಾಗದವನ್ನು. ಕಾಗದ ಬರೆದವರ ಕಷ್ಟಕ್ಕೆ ಅಲ್ಲಿ ಕಾಲಂ ಇಲ್ಲ.

ನಾನು ಇದೇ ಪಟ್ಟಣದ ಒಂದು ಕಚೇರಿಯಲ್ಲಿದ್ದಾಗ, ನಮ್ಮವರೇ ಆದ ಒಬ್ಬ ವಿಧವೆಯ ಪಿಂಚಣಿಯ ಅರ್ಜಿ ನನ್ನ ಪಾಲಿಗೆ ಬಂದಿತು. ಹೆಸರು ಗೌರಮ್ಮ ಎಂದಿಟ್ಟುಕೊಳ್ಳಿ. ತಮಿಳು ಲಿಪಿಯಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರವೆಂಬುದು ನಿಮ್ಮ ಮಕ್ಕಳಿಗೂ ಗೊತ್ತು. ಗಂಡನ ಸೇವಾಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಗೌರಮ್ಮ. ಪಡಿತರ ಚೀಟಿಯ ತಮಿಳನ್ನು ನೋಡಿ ಇಂಗ್ಲಿಷಿಗಿಳಿಸಿದ ಬ್ಯಾಂಕಿನ ಪುಸ್ತಕದಲ್ಲಿ ಕೌರಮ್ಮ. ಇಬ್ಬರೂ ಒಬ್ಬರೇ ಎಂದು ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸಿದೆನು. ‘ಚರ್ಚಿಸಿ’ ಎಂದು ಹಿಂದಿರುಗಿತು. ಚರ್ಚಿಸಿದೆನು. ‘ಪರಿಶೀಲಿಸಿ ಮಂಡಿಸಿ’ ಎಂದು ಮತ್ತೆ ಬಂದಿತು. ಮೇಲಿನವರೇನೂ ದುಷ್ಟರಲ್ಲ. ‘ಇದು ನಿಜ’ ಎಂದು ಸಹಿ ಹಾಕಿದವನನ್ನು ನಾಳೆ ಲೆಕ್ಕಪರಿಶೋಧಕರು ಹಿಡಿದು ಕೇಳುತ್ತಾರೆ; ‘ದಾಖಲೆ ತನ್ನಿ’ ಎಂದವನನ್ನು ಕೇಳುವವರಿಲ್ಲ. ಕಡೆಗೆ, ತಕ್ಕ ದಾಖಲೆಯೊಡನೆ ಮತ್ತೆ ಸಲ್ಲಿಸಬಹುದೆಂದು ಬರೆದು ಅರ್ಜಿಯನ್ನು ಹಿಂದಿರುಗಿಸಲು ಆಜ್ಞೆಯಾಯಿತು. ನನ್ನ ರಿಜಿಸ್ಟರಿನಲ್ಲಿ ಆ ಸಂಖ್ಯೆ ತೀರಿತು. ಆ ತಿಂಗಳು ಬಾಕಿ ಕಡಿಮೆಯೆಂದು ನನಗೆ ಮೆಚ್ಚುಗೆಯೂ ಸಿಕ್ಕಿತು!

ಮರುವಾರ ಆಕೆ ಬಂದು ಕೇಳಿದರು: “ಎಲ್ಲಾ ಮುಗೀತಂತಲ್ಲಪ್ಪಾ, ದುಡ್ಡು ಯಾವಾಗ ಬರುತ್ತೆ?”

ಕಚೇರಿಯ ಹೊರಗೆ ನಿಂತವರಿಗೆ ಒಳಗಿನವನು ಕಲ್ಲಿನಂತೆ ಕಾಣುತ್ತಾನೆ. ಆ ದಿನ ನನ್ನ ಬುತ್ತಿ ಬಿಚ್ಚದೆಯೇ ಮನೆಗೆ ಹಿಂದಿರುಗಿತು. ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ, ಹೊಸ ಸಂಖ್ಯೆಯಲ್ಲಿ ಮತ್ತೊಮ್ಮೆ ಏರಿ ಇಳಿದು, ಹಣ ಬರುವ ಹೊತ್ತಿಗೆ ಹನ್ನೊಂದು ತಿಂಗಳು ಕಳೆದಿದ್ದವು.

ಪೋರೂರು 2011ರಲ್ಲಿ ಚೆನ್ನೈ ಮಹಾನಗರಕ್ಕೆ ಸೇರಿದೆ; ಕಚೇರಿ ಬದಲಾದರೂ ಕಕಾರ ಗಕಾರಗಳ ಕಥೆ ಬದಲಾಗಿಲ್ಲ. ಮಕ್ಕಳ ಜನನಪತ್ರ, ಶಾಲೆಯ ದಾಖಲೆ, ಆಧಾರ್ ಇವು ಮೂರರಲ್ಲಿಯೂ ಹೆಸರು ಒಂದೇ ಇದೆಯೇ ಎಂದು ಈಗಲೇ ನೋಡಿಕೊಳ್ಳಿರಿ. ಅರ್ಜಿ ಕೊಟ್ಟಾಗ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳದೆ ಬರಬೇಡಿರಿ. ಕನ್ನಡಕ ತಂದಿದ್ದೇನೆ, ಊಟವಾದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿರುತ್ತೇನೆ, ಕಾಗದ ತಂದವರು ತೋರಿಸಬಹುದು.