ಶ್ವಾಸಕೋಶಕ್ಕೆ ‘ಶಕ್ತಿ ಪುಡಿ’: ಕೊಳ್ಳುವ ಮೊದಲು ಒಂದು ಲೆಕ್ಕ

ವಾರಕ್ಕೆ ಸಿಗೋದು ಒಂದೇ ರಜೆ. ಬಟ್ಟೆ ಒಗೆಯೋದು, ಅಡುಗೆ, ಊರಿಗೆ ಫೋನು ಎಲ್ಲ ಬದಿಗಿಟ್ಟು ಬಂದು ಕೂತಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೀನಿ.

ನಾನು ಡಾಕ್ಟರಲ್ಲ. ಬಿ.ಕಾಂ. ಓದಿ ಕಂಪನಿಯ ಲೆಕ್ಕ ಬರೆಯುವವನು. ಊರಿಗೆ ಹಣ ಕಳಿಸೋ ಲೆಕ್ಕ ಕೇಳೋಕೆ ನನ್ನ ಹತ್ತಿರ ಬರುವವರು ಈಚೆಗೆ ಇನ್ನೊಂದು ಪ್ರಶ್ನೆ ಕೇಳ್ತಾರೆ. “ಅಣ್ಣಾ, ಎದೆಯಲ್ಲಿನ ಧೂಳು ತೆಗೆಯುತ್ತಂತೆ, ಈ ಡಬ್ಬಿ ತಗೋಬಹುದಾ?” ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಮಾತ್ರೆಯದೋ ಪುಡಿಯದೋ ಚಿತ್ರ. ಔಷಧಿ ಬರೆದುಕೊಡೋ ಅಧಿಕಾರ ನನಗಿಲ್ಲ. ಆದರೆ ಕೊಟ್ಟ ಹಣಕ್ಕೆ ಏನು ಸಿಗುತ್ತೆ ಅಂತ ನೋಡೋದು ನನ್ನ ಕಸುಬು. ಅದನ್ನೇ ಇವತ್ತು ಮಾಡೋಣ.

ಮೊದಲು ಹಣದ ಲೆಕ್ಕ

ಕತಾರಿನಲ್ಲಿ 2021ರ ಮಾರ್ಚ್ 20ರಿಂದ ಕನಿಷ್ಠ ಮೂಲ ವೇತನ ತಿಂಗಳಿಗೆ 1,000 ರಿಯಾಲ್. ಕಂಪನಿ ಊಟ ಕೊಡದಿದ್ದರೆ ಊಟಕ್ಕೆ 300, ವಸತಿ ಕೊಡದಿದ್ದರೆ ಅದಕ್ಕೆ 500 ಬೇರೆ ಕೊಡಬೇಕು. ಊಟದ 300 ಅಂದರೆ ದಿನಕ್ಕೆ 10 ರಿಯಾಲ್. ಈಗ ಡಬ್ಬಿಗೆ ತಿಂಗಳಿಗೆ 90 ರಿಯಾಲ್ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅದು 9 ದಿನದ ಊಟದ ದುಡ್ಡು. ವರ್ಷಕ್ಕೆ 1,080. ಒಂದು ತಿಂಗಳ ಮೂಲ ವೇತನಕ್ಕಿಂತ ಹೆಚ್ಚು! ವರ್ಷದಲ್ಲಿ ಒಂದು ತಿಂಗಳು ಆ ಡಬ್ಬಿಗೋಸ್ಕರವೇ ದುಡಿದ ಹಾಗೆ. ಅಷ್ಟು ಕೊಟ್ಟ ಮೇಲೆ ನಮಗೆ ಬರೋದೇನು?

ಬೆಲ್ಲ, ಬಾಳೆಹಣ್ಣು ಮತ್ತು ಎರಡು ದಾರಿ

ನಮ್ಮ ಕಡೆ ಹಳೇ ನಂಬಿಕೆ ಒಂದಿದೆ. ಧೂಳಿನ ಕೆಲಸ ಮಾಡಿದವನು ಸಂಜೆ ಬೆಲ್ಲ ತಿನ್ನಬೇಕು, ಬಾಳೆಹಣ್ಣು ತಿನ್ನಬೇಕು, ಧೂಳು ಇಳಿದು ಹೋಗುತ್ತೆ ಅಂತ. ಈಗಿನ ಡಬ್ಬಿಗಳೂ ಇದೇ ಮಾತನ್ನು ಹೊಸ ಬಣ್ಣದಲ್ಲಿ ಹೇಳ್ತವೆ. ಬೆಲ್ಲದ ಮೇಲೆ ಲಕ್ನೋದ ವಿಜ್ಞಾನಿಗಳು 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಸ್ವಲ್ಪ ಅನುಕೂಲ ಕಂಡಿತು, ಆದರೆ ಅದು ಕಂಡದ್ದು ಇಲಿಗಳಲ್ಲಿ. ಅದನ್ನೇ ಹಿಡಿದು ಮನುಷ್ಯನ ಎದೆ ಶುದ್ಧವಾಗುತ್ತೆ ಅನ್ನೋದು ಸರಿಯಲ್ಲ.

ಯಾಕೆ ಅಂದರೆ ತಿಂದದ್ದು ಹೋಗೋದು ಅನ್ನನಾಳದಲ್ಲಿ, ಉಸಿರು ಹೋಗೋದು ಶ್ವಾಸನಾಳದಲ್ಲಿ. ಎರಡೂ ಬೇರೆ ಬೇರೆ ದಾರಿ. ದಪ್ಪ ಧೂಳು ಮೂಗಿನಲ್ಲಿ, ಗಂಟಲಲ್ಲಿ ಕಫಕ್ಕೆ ಅಂಟಿಕೊಳ್ಳುತ್ತೆ. ಶ್ವಾಸನಾಳದ ಒಳಗಿನ ಸಣ್ಣ ಸಣ್ಣ ರೋಮಗಳು ಆ ಕಫವನ್ನು ಮೇಲಕ್ಕೆ ತಳ್ಳುತ್ತವೆ. ಇದು ದೇಹವೇ ಇಟ್ಟುಕೊಂಡಿರೋ ಪೊರಕೆ. ಬೀಡಿ, ಸಿಗರೇಟು ಸೇದಿದರೆ ಈ ಪೊರಕೆ ಸವೆಯುತ್ತೆ. ಆದರೆ ಕಾಂಕ್ರೀಟು, ಗ್ರಾನೈಟು, ಟೈಲ್ಸು ಕತ್ತರಿಸುವಾಗ ಏಳುವ ಸಿಲಿಕಾ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಕಣಗಳಿರುತ್ತವೆ. ಅವು ಪೊರಕೆಗೆ ಸಿಗದೆ ಶ್ವಾಸಕೋಶದ ತಳ ಸೇರಿ, ಅಲ್ಲಿ ಗಾಯ ಮಾಡಿ ಕಲೆ ಉಳಿಸ್ತವೆ. ಅದೇ ಸಿಲಿಕೋಸಿಸ್. ಆ ಕಲೆಯನ್ನು ಅಳಿಸುವ ಪುಡಿ, ಮಾತ್ರೆ, ಕಷಾಯ ಯಾವುದೂ ಇವತ್ತಿಗೂ ಇಲ್ಲ.

ಇದು ನಮಗೆ ಹೊಸ ಕಥೆಯೂ ಅಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದ ವರದಿ 1947ರಲ್ಲಿ ಹೊರಬಂತು. ನೂರಕ್ಕೆ ಸುಮಾರು 44 ಜನರಿಗೆ ಸಿಲಿಕೋಸಿಸ್ ಇತ್ತು. ಆ ಗಣಿ 2001ರಲ್ಲಿ ಮುಚ್ಚಿತು. ಆದರೆ ಅಲ್ಲಿನ ಕಲ್ಲಿನ ಧೂಳೂ ಇಲ್ಲಿ ನಾವು ಕತ್ತರಿಸೋ ಕಲ್ಲಿನ ಧೂಳೂ ಒಂದೇ ಜಾತಿ.

ಒಳ್ಳೆಯದಾಗದಿದ್ದರೂ ಕೆಟ್ಟದ್ದೇನೂ ಆಗಲ್ಲ, ಅಲ್ವಾ?

ಬಹಳ ಜನ ಹೀಗೆ ಕೇಳ್ತಾರೆ. “ವಿಟಮಿನ್ ತಾನೇ, ಹೋದರೆ ದುಡ್ಡು ಹೋಗುತ್ತೆ ಅಷ್ಟೇ” ಅಂತ. ಇಲ್ಲ, ಕೆಲವೊಮ್ಮೆ ದುಡ್ಡಿನ ಜೊತೆ ಆರೋಗ್ಯವೂ ಹೋಗುತ್ತೆ.

ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಅನ್ನು ಮಾತ್ರೆ ಮಾಡಿ ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ ಗಂಡಸರಿಗೆ ಕೊಟ್ಟು ನೋಡಿದರು. ಒಟ್ಟು 29,133 ಜನರ ಅಧ್ಯಯನ. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18 ಹೆಚ್ಚು ಕಂಡಿತ್ತು. ಅಮೆರಿಕದಲ್ಲಿ 18,314 ಜನರ ಮೇಲೆ ಇನ್ನೊಂದು ಅಧ್ಯಯನ ನಡೀತು. ಅದರಲ್ಲಿ ಸಿಗರೇಟು ಸೇದುವವರು, ಬಿಟ್ಟವರು, ಆಸ್ಬೆಸ್ಟಾಸ್ ಧೂಳಿನಲ್ಲಿ ದುಡಿದ ಕಾರ್ಮಿಕರು ಇದ್ದರು. ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ಕೊಟ್ಟರು. ಕ್ಯಾನ್ಸರ್ ಶೇ. 28 ಹೆಚ್ಚಾಯಿತು. 1996ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಕ್ಯಾರೆಟ್ ತಿನ್ನೋದಕ್ಕೆ ಭಯ ಬೇಡ. ಆಹಾರದಲ್ಲಿರೋದು ಬೇರೆ, ಮಾತ್ರೆಯಲ್ಲಿ ಒತ್ತಿ ತುಂಬಿರೋದು ಬೇರೆ. ಆದರೆ ಸಿಗರೇಟು ಸೇದುವವರು, ಹಿಂದೆ ಸೇದುತ್ತಿದ್ದವರು, ಆಸ್ಬೆಸ್ಟಾಸ್ ಧೂಳಿನಲ್ಲಿ ದುಡಿದವರು ಡಬ್ಬಿಯ ಮೇಲೆ ‘ಬೀಟಾ ಕ್ಯಾರೊಟಿನ್’ ಅಂತ ಇದ್ದರೆ ಮುಟ್ಟಲೇಬೇಡಿ. ಇಂಗ್ಲಿಷ್ ಓದೋಕೆ ಬರದಿದ್ದರೆ ರೂಮಿನಲ್ಲಿ ಓದಬಲ್ಲ ಹುಡುಗನ ಕೈಲಿ ಓದಿಸಿ.

ಕೆನಡಾದ ಒಂಟಾರಿಯೋ ಗಣಿಗಳ ಕಥೆ ಇನ್ನೂ ಕಠೋರ. 1943ರಿಂದ 1979ರವರೆಗೆ ಅಲ್ಲಿ ಶಿಫ್ಟಿಗೆ ಮುಂಚೆ ಬಟ್ಟೆ ಬದಲಿಸೋ ಕೋಣೆಯಲ್ಲಿ ಅಲ್ಯೂಮಿನಿಯಂ ಪುಡಿ ಹಾರಿಸಿ, ಕಾರ್ಮಿಕರು ಅದನ್ನು ಉಸಿರಾಡೋ ಹಾಗೆ ಮಾಡ್ತಿದ್ದರು. ಸಿಲಿಕೋಸಿಸ್ ಬರಲ್ಲ ಅನ್ನೋದು ಕಾರಣ. ಧೂಳು ಕಡಿಮೆ ಮಾಡೋದಕ್ಕಿಂತ ಪುಡಿ ಹಾರಿಸೋದು ಅಗ್ಗ, ನೋಡಿ. ಆ ಪುಡಿ ಉಸಿರಾಡಿದವರಿಗೆ ಬಂದ ಪಾರ್ಕಿನ್ಸನ್ ಕಾಯಿಲೆಯನ್ನು 2022ರಲ್ಲಿ ಅಲ್ಲಿನ ಸರ್ಕಾರ ವೃತ್ತಿ ರೋಗ ಅಂತ ಒಪ್ಪಿಕೊಂಡಿತು. ಧೂಳು ಹಾಗೇ ಇರಲಿ, ಈ ಪುಡಿ ತಗೋ ಅಂತ ಯಾರಾದರೂ ಅಂದರೆ ಈ ಕಥೆ ನೆನಪಿರಲಿ.

‘ಪೂರ್ತಿ ಗಿಡಮೂಲಿಕೆ’ ಅಂದ ಮಾತ್ರಕ್ಕೆ ಸುರಕ್ಷಿತ ಅಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್ಟಿನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಆಯುರ್ವೇದವನ್ನು ತೆಗಳೋಕೆ ಇದನ್ನು ಹೇಳ್ತಿಲ್ಲ. ಯಾರು ಮಾಡಿದ್ದು, ಒಳಗೆ ಏನಿದೆ ಅಂತ ಗೊತ್ತಿಲ್ಲದ್ದನ್ನು ಬಾಯಿಗೆ ಹಾಕಬೇಡಿ ಅಂತಷ್ಟೇ. ಬಿಲ್ಲು ಕೊಡದ, ಲೈಸೆನ್ಸ್ ಇಲ್ಲದ ಕಡೆ ಕೊಳ್ಳಲೇಬೇಡಿ.

ಊರಿಂದ ಬರುವಾಗ ಕೆಮ್ಮಿನ ಸಿರಪ್ ತರುವವರು ಕಿವಿಗೊಟ್ಟು ಕೇಳಿ. ಕೊಡೀನ್ ಇರುವ ಸಿರಪ್, ಟ್ರಾಮಡಾಲ್ ನೋವಿನ ಮಾತ್ರೆ ಇಲ್ಲಿ ನಿರ್ಬಂಧಿತ ಔಷಧಿಗಳು. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಜೈಲಿನವರೆಗೂ ಹೋಗಬಹುದು. ಪಕ್ಕದ ಮನೆಯವರು “ನಮ್ಮ ಹುಡುಗನಿಗೆ ಕೊಟ್ಟುಬಿಡಿ” ಅಂತ ಕಟ್ಟಿಕೊಟ್ಟ ಔಷಧಿಯ ಪೊಟ್ಟಣವನ್ನೂ ತರಬೇಡಿ. ನಿಮ್ಮದೇ ಔಷಧಿಯಾದರೂ ವೈದ್ಯರ ಚೀಟಿ ಜೊತೆಗಿರಲಿ. ಚೀಟಿ ಇದ್ದರೂ ಕೆಲವಕ್ಕೆ ಅನುಮತಿ ಇಲ್ಲ, ಮೊದಲೇ ವಿಚಾರಿಸಿ.

ಹಾಗಾದರೆ ವಿಟಮಿನ್ ಯಾವಾಗ ಬೇಕು?

ಬೇಡವೇ ಬೇಡ ಅಂತ ನಾನು ಹೇಳಲ್ಲ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಇದೆ, ಕಬ್ಬಿಣದ ಅಂಶ ಕಡಿಮೆ ಇದೆ ಅಂತ ಗೊತ್ತಾಗಿ ವೈದ್ಯರು ಬರೆದುಕೊಟ್ಟರೆ ತಗೊಳ್ಳಿ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಮಾತ್ರೆಯಿಂದ ಕೈಕಾಲು ಜೋಮು ಹಿಡಿಯದಿರಲಿ ಅಂತ ವೈದ್ಯರೇ ವಿಟಮಿನ್ ಬಿ6 ಕೊಡ್ತಾರೆ. ಅದು ಕಾರಣ ಇದ್ದು, ಅಳತೆ ನೋಡಿ ಕೊಡುವ ವಿಟಮಿನ್. ಆಸ್ತಮಾ ಇರುವವರು ಪುಡಿ ನಂಬಿ ಇನ್ಹೇಲರ್ ಬಿಡಬಾರದು. ಬೇರೆ ಏನೇ ನುಂಗುತ್ತಿದ್ದರೂ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಉಳಿದವರಿಗೆ ಆ 90 ರಿಯಾಲ್ ಅಡುಗೆಮನೆಗೆ ಹೋಗಲಿ. ರೂಮಿನ ನಾಲ್ಕು ಜನ ಸೇರಿ ಹಾಕಿದರೆ 360 ಆಗುತ್ತೆ. ಮೊಟ್ಟೆ, ಬೇಳೆ, ಕಡಲೆ, ಸೊಪ್ಪು, ಟೊಮೆಟೊ, ಕಿತ್ತಳೆ, ಮೊಸರು, ಖರ್ಜೂರ ಬರುತ್ತೆ. ಬರೀ ಅನ್ನಕ್ಕೆ ಉಪ್ಪಿನಕಾಯಿ, ಕುಬೂಸಿಗೆ ಚಹಾ ಅಂತ ದಿನ ತಳ್ಳಿದರೆ ಮೈಯ ಶಕ್ತಿಯೇ ಕುಂದುತ್ತೆ. ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಕಡಿಮೆ ಕಂಡುಬಂದಿದೆ. ಶುಂಠಿ, ತುಳಸಿ, ಜೀರಿಗೆ ಕಷಾಯ ಗಂಟಲಿಗೆ ಹಿತ, ಕುಡೀರಿ. ಬೆಲ್ಲವನ್ನೂ ರುಚಿಗೆ ತಿನ್ನಿ, ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಹುಷಾರು. ಆದರೆ ಇವು ಯಾವುವೂ ಮಾಸ್ಕಿನ ಕೆಲಸ ಮಾಡಲ್ಲ.

ನಿಜವಾಗಿ ಎದೆ ಕಾಯೋದು ಇವು

ಒಂದು, ಧೂಳು ಏಳದ ಹಾಗೆ ನೋಡಿಕೊಳ್ಳೋದು. ಕಲ್ಲು, ಟೈಲ್ಸ್ ಕತ್ತರಿಸುವಾಗ ನೀರು ಬಿಟ್ಟುಕೊಂಡೇ ಕತ್ತರಿಸಿ. ಒಣ ಪೊರಕೆಯಲ್ಲಿ ಗುಡಿಸೋ ಬದಲು ನೀರು ಚಿಮುಕಿಸಿ. ಮೈಮೇಲಿನ ಧೂಳಿಗೆ ಏರ್ ಪೈಪ್ ಹಿಡಿಯಬೇಡಿ. ಕೆಲಸದ ಬಟ್ಟೆಯನ್ನು ರೂಮಿನೊಳಗೆ ಕೊಡವಬೇಡಿ.

ಎರಡು, ಸರಿಯಾದ ಮಾಸ್ಕು. ಟವೆಲ್ಲು, ಬಟ್ಟೆ ಮಾಸ್ಕು ಸೂಕ್ಷ್ಮ ಧೂಳನ್ನು ತಡೆಯಲ್ಲ. ಎನ್95 ಅಥವಾ ಎಫ್‌ಎಫ್‌ಪಿ2 ಬೇಕು, ಮುಖಕ್ಕೆ ಸಂದಿಲ್ಲದೆ ಕೂರಬೇಕು. ಗಡ್ಡ ಇದ್ದರೆ ಸಂದು ಉಳಿಯುತ್ತೆ. ಅಂಥವರು ತಲೆಗೆ ಹಾಕುವ, ಗಾಳಿ ಊದುವ ಹುಡ್ ಥರದ್ದು ಕೇಳಬೇಕು.

ಮೂರು, ಮಲಗೋ ಕೋಣೆ. ಎ.ಸಿ. ಫಿಲ್ಟರ್ ತೆಗೆದು ತೊಳೆಯಿರಿ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ, ಸಿಗರೇಟು ಬೇಡ. ಶಮಾಲ್ ಗಾಳಿಗೆ ಮರಳು ಎದ್ದ ದಿನ ಕಿಟಕಿ ಮುಚ್ಚಿ.

ನಾಲ್ಕು, ಸಿಗರೇಟು ಬಿಡೋದು. 2019ರಿಂದ ಇಲ್ಲಿ ತಂಬಾಕಿನ ಮೇಲೆ ಶೇ. 100 ವಿಶೇಷ ತೆರಿಗೆ ಇದೆ. ಬಿಟ್ಟರೆ ಎದೆಗೂ ಲಾಭ, ಜೇಬಿಗೂ ಲಾಭ. ಬಿಡೋಕೆ ನೆರವು ಕೊಡುವ ತಂಬಾಕು ನಿಯಂತ್ರಣ ಕೇಂದ್ರ ಹಮದ್ ಮೆಡಿಕಲ್ ಕಾರ್ಪೊರೇಷನ್ನಿನಲ್ಲಿದೆ.

ಕಾನೂನು ಏನು ಹೇಳುತ್ತೆ

2004ರ 14ನೇ ಕಾರ್ಮಿಕ ಕಾನೂನಿನ 100ನೇ ವಿಧಿ ನೋಡಿ. ಕೆಲಸದಲ್ಲಿ ಗಾಯ, ಕಾಯಿಲೆ ಆಗದಂತೆ ಮುನ್ನೆಚ್ಚರಿಕೆ ಮಾಡೋದು ಮಾಲೀಕರ ಹೊಣೆ. ಅದರ ಖರ್ಚನ್ನು ಸಂಬಳದಲ್ಲಿ ಹಿಡಿಯುವ ಹಾಗಿಲ್ಲ. ಪೇ ಸ್ಲಿಪ್ಪಿನಲ್ಲಿ ಮಾಸ್ಕಿನ ಹೆಸರಲ್ಲಿ ಕಡಿತ ಇದ್ದರೆ ಅದು ತಪ್ಪು, ಪ್ರಶ್ನೆ ಮಾಡಿ. ವೃತ್ತಿ ರೋಗದ ಅಪಾಯ ಇರುವವರಿಗೆ ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ ಮಾಡಿಸಬೇಕು ಅಂತಲೂ ಇದೇ ಕಾನೂನಿನಲ್ಲಿದೆ. ಸೇರಿ ಮೂರು ತಿಂಗಳಾದ ಮೇಲೆ ವೈದ್ಯರ ಸರ್ಟಿಫಿಕೇಟ್ ಇದ್ದರೆ ಕಾಯಿಲೆ ರಜೆಯ ಮೊದಲ 2 ವಾರ ಪೂರ್ತಿ ಸಂಬಳ, ಮುಂದಿನ 4 ವಾರ ಅರ್ಧ ಸಂಬಳ. ಮನೆಗೆಲಸದವರಿಗೆ, ಮನೆ ಡ್ರೈವರುಗಳಿಗೆ ಬೇರೆ ಕಾನೂನಿದೆ, ಅವರು ಪ್ರತ್ಯೇಕವಾಗಿ ವಿಚಾರಿಸಿ.

ಕೆಮ್ಮು ಎರಡು ವಾರ ದಾಟಿದರೆ

ಡಬ್ಬಿಯಿಂದ ಆಗುವ ದೊಡ್ಡ ನಷ್ಟ ದುಡ್ಡಲ್ಲ, ಸಮಯ. “ಈ ಡಬ್ಬಿ ಮುಗೀಲಿ, ಇನ್ನೊಂದು ನೋಡೋಣ” ಅಂತ ಮೂರು ತಿಂಗಳು ಕಳೀತವೆ. ಒಳಗೆ ಕ್ಷಯ ಇದ್ದರೆ ಅದು ಬೆಳೀತಾ ಹೋಗುತ್ತೆ, ಒಂದೇ ಕೋಣೆಯಲ್ಲಿ ಮಲಗೋ ಗೆಳೆಯರಿಗೂ ಅಂಟುತ್ತೆ. ಸಿಲಿಕಾ ಧೂಳು ಉಸಿರಾಡಿದವರಿಗೆ ಕ್ಷಯದ ಅಪಾಯ ಹೆಚ್ಚು. ಸಾಮಾನ್ಯವಾಗಿ 6 ತಿಂಗಳ ಔಷಧಿಗೆ ಗುಣವಾಗೋ ಕಾಯಿಲೆ ಅದು, ಬೇಗ ಹೋದರೆ.

ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಮೆಟ್ಟಿಲು ಹತ್ತಿದರೆ ಏದುಸಿರು. ಇವುಗಳಲ್ಲಿ ಒಂದಿದ್ದರೂ ಐಡಿ, ಹೆಲ್ತ್ ಕಾರ್ಡ್ ಹಿಡಿದು ರೆಡ್ ಕ್ರೆಸೆಂಟ್ ನಡೆಸುವ ಕಾರ್ಮಿಕರ ಆರೋಗ್ಯ ಕೇಂದ್ರಕ್ಕೆ ಹೋಗಿ. ಯಾವ ಕೆಲಸ, ಎಷ್ಟು ವರ್ಷ, ಎಂಥ ಧೂಳು ಅಂತ ನೀವೇ ಬಾಯಿಬಿಟ್ಟು ಹೇಳಿ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಜ್ಮ್ ಮೆಬೈರೀಕ್ ಆಸ್ಪತ್ರೆ ಇದೆ. ಉಸಿರು ಕಟ್ಟಿದರೆ, ಎದೆ ಹಿಡಿದರೆ ತಡ ಮಾಡದೆ 999ಕ್ಕೆ ಕರೆ ಮಾಡಿ.

ಕಾಯಿಲೆ ಗೊತ್ತಾದರೆ ಊರಿಗೆ ಕಳಿಸಿಬಿಡ್ತಾರೆ ಅನ್ನೋ ಭಯ ನಿಮ್ಮಲ್ಲಿದೆ, ನನಗೆ ಗೊತ್ತು. ಸಾಲ ತೀರಿಲ್ಲ, ತಂಗಿ ಮದುವೆ ಇದೆ, ಮನೆ ಅರ್ಧಕ್ಕೆ ನಿಂತಿದೆ. ಆ ಭಯ ಸುಳ್ಳು ಅಂತ ನಾನು ಹೇಳೋಕೆ ಬಂದಿಲ್ಲ. ಆದರೆ ಮುಚ್ಚಿಟ್ಟ ಕಾಯಿಲೆ ಸಾಲದ ಬಡ್ಡಿ ಇದ್ದ ಹಾಗೆ, ದಿನ ಕಳೆದಷ್ಟೂ ಬೆಳೆಯುತ್ತೆ. ಬೇಗ ತೋರಿಸಿಕೊಂಡವನಿಗೆ ಮತ್ತೆ ದುಡಿಯೋ ದಾರಿ ಇರುತ್ತೆ. ಒಬ್ಬರೇ ಹೋಗೋಕೆ ಅಂಜಿಕೆ ಇದ್ದರೆ, ಭಾಷೆ ಬರದಿದ್ದರೆ, ನಮ್ಮ ವೇದಿಕೆಯವರನ್ನು ಕೇಳಿ. ಜೊತೆಗೆ ಬರ್ತೀವಿ.

ಇವತ್ತು ರೂಮಿಗೆ ಹೋದ ಮೇಲೆ ಎರಡು ಕೆಲಸ ಮಾಡಿ. ಎ.ಸಿ. ಫಿಲ್ಟರ್ ತೊಳೆಯಿರಿ. ಪಕ್ಕದ ಹಾಸಿಗೆಯವನು ಎಷ್ಟು ದಿನದಿಂದ ಕೆಮ್ಮುತ್ತಿದ್ದಾನೆ ಅಂತ ಕೇಳಿ.