ನಳದ ನೀರು, ಊರಿನ ಹಣ
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಳ, ಗಟಾರ, ಘರಪಟ್ಟಿಗಳ ಮಾತೇಕೆಂದು ತಾವು ಕೇಳಬಹುದು. ನಾಡಿನ ವೈಭವವನ್ನು ನಮಗಿಂತ ಚೆನ್ನಾಗಿ ಬಣ್ಣಿಸಬಲ್ಲವರು ಈ ವೇದಿಕೆಯ ಮೇಲಿದ್ದಾರೆ. ಆ ಕೆಲಸವನ್ನು ಅವರಿಗೇ ಬಿಟ್ಟು, ಒಂದು ಊರು ತನ್ನ ಕೆಲಸಗಳಲ್ಲಿ ಯಾವುದನ್ನು ಮೊದಲು ಮಾಡಬೇಕು, ಅದಕ್ಕೆ ಹಣವೆಲ್ಲಿಂದ ಬರಬೇಕು ಎಂಬುದನ್ನು ಮಾತ್ರ ನಾವು ಎತ್ತಿಕೊಳ್ಳುತ್ತೇವೆ.

ಹುಬ್ಬಳ್ಳಿ-ಧಾರವಾಡವನ್ನೇ ನೋಡೋಣ. 1962ರಲ್ಲಿ ಎರಡೂ ಊರುಗಳು ಒಂದೇ ಪಾಲಿಕೆಯ ಕೆಳಗೆ ಬಂದವು. 2011ರ ಜನಗಣತಿಯಂತೆ ಜನಸಂಖ್ಯೆ 9 ಲಕ್ಷ 43 ಸಾವಿರ. ಮುಂಬಯಿಯ ಒಂದು ದೊಡ್ಡ ವಾರ್ಡಿನಷ್ಟು. ಅಲ್ಲಿ ಬಹುಕಾಲ ನಳಕ್ಕೆ ನೀರು ಬರುತ್ತಿದ್ದುದು ಹಲವು ದಿನಗಳಿಗೊಮ್ಮೆ. 2004ರಲ್ಲಿ ವಿಶ್ವಬ್ಯಾಂಕಿನ ಸಾಲ ದೊರೆಯಿತು. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಆಯ್ದ ಬಡಾವಣೆಗಳಲ್ಲಿ, ಅಂದರೆ ಸುಮಾರು ಹತ್ತರಲ್ಲೊಂದು ಪಾಲು ಜನರಿಗೆ, ಹಗಲಿರುಳೂ ನೀರು ಬರತೊಡಗಿತು. ಇದು ಮುಖ್ಯವಾಗಿ ಹಳೆಯ ಕೊಳವೆಗಳನ್ನು ಬದಲಿಸಿ, ಮನೆಮನೆಗೆ ಮೀಟರು ಕೂಡಿಸಿ, ಸೋರಿಕೆಯನ್ನು ತಡೆದದ್ದರ ಫಲ. ಕೊಳವೆ ಸದಾ ತುಂಬಿದ್ದರೆ ಗಟಾರದ ಹೊಲಸು ಬಿರುಕಿನೊಳಗಿಂದ ನುಗ್ಗಲಾರದು. ಮುಂದೆ ಸಂಶೋಧಕರು ಎರಡೂ ಬಗೆಯ ನಳಗಳ ನೀರನ್ನು ಪರೀಕ್ಷಿಸಿದಾಗ, ಬಿಡದೆ ಬರುವ ನೀರೇ ಬಹಳ ಶುದ್ಧವೆಂದು ಕಂಡುಬಂದಿತು.

ಹಾಗಾದರೆ ಉಳಿದ ಒಂಬತ್ತು ಪಾಲಿನ ಜನರು? ಅವರಿಗಾಗಿ ಎರಡನೆಯ ಸಾಲ ಮಂಜೂರಾದದ್ದು 2016ರಲ್ಲಿ. ಅದೇ ವರ್ಷ ಊರು ಸ್ಮಾರ್ಟ್ ಸಿಟಿ ಪಟ್ಟಿಯನ್ನು ಸೇರಿತು. 2018ರಲ್ಲಿ ಎರಡೂ ಊರುಗಳ ನಡುವೆ ಚಿಗರಿ ಬಸ್ಸುಗಳು ಓಡತೊಡಗಿದವು. ಬಸ್ಸನ್ನು ನಾವು ಹಳಿಯುವುದಿಲ್ಲ, ಹತ್ತಿದ್ದೇವೆ, ಸುಖವಾಗಿದೆ. ಆದರೆ ನೀರು ಮೊದಲೋ ಬಸ್ಸು ಮೊದಲೋ ಎಂದು ಊರಿನವರನ್ನು ಕೂಡಿಸಿ ಕೇಳುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ಮೇಲಿನಿಂದ ಬರುವ ಹಣ ತನ್ನ ಕೆಲಸದ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಒಂದೊಂದು ನಗರಕ್ಕೆ ಕೇಂದ್ರದ ಪಾಲು ಐದು ವರ್ಷಕ್ಕೆ ಸುಮಾರು 500 ಕೋಟಿ ಇತ್ತು, ಅಷ್ಟೇ ಮೊತ್ತ ಇತ್ತಕಡೆಯಿಂದ. ಖರ್ಚು ಮಾಡಿದ್ದು ಪಾಲಿಕೆಯಲ್ಲ, ಅದಕ್ಕೆಂದೇ ಕಟ್ಟಿದ ಕಂಪನಿ. ಮೇಲಾಗಿ 2019ರ ಮಾರ್ಚಿನಲ್ಲಿ ಪಾಲಿಕೆಯ ಅವಧಿ ಮುಗಿದು, ಚುನಾವಣೆ ನಡೆದದ್ದು 2021ರ ಸಪ್ಟಂಬರದಲ್ಲಿ. ನಡುವಿನ ಎರಡೂವರೆ ವರ್ಷ ಕೇಳಬೇಕೆಂದರೂ ವಾರ್ಡಿನ ಸದಸ್ಯನೇ ಇರಲಿಲ್ಲ!

ಊರು ತನಗೆ ಬೇಕಾದ ಕಡೆ ತೊಡಗಿಸಬಲ್ಲ ಹಣವೆಂದರೆ ಮುಖ್ಯವಾಗಿ ಘರಪಟ್ಟಿಯದು. ಇಲ್ಲಿ ನಮ್ಮ ಮಾತನ್ನೇ ಹೇಳಿಕೊಳ್ಳಬೇಕು. ನಮ್ಮ ಊರು ಹುಬ್ಬಳ್ಳಿಗಿಂತ ಬಹಳ ಚಿಕ್ಕದು, ಹೆಸರು ಬೇಡ. ಅಲ್ಲಿ ಹಿರಿಯರ ಮನೆಗೆ ಬೀಗ ಹಾಕಿ ಬಂದಿದ್ದೇವೆ. ಗುಡಿಯ ಜೀರ್ಣೋದ್ಧಾರಕ್ಕೆ ಹಣ ಕಳಿಸಿ, ರಸೀತಿಯನ್ನು ಜೋಪಾನವಾಗಿಟ್ಟವರು ನಾವೇ. ನಾಲ್ಕು ವರ್ಷ ಘರಪಟ್ಟಿ ಕಟ್ಟದೆ ಉಳಿದವರೂ ನಾವೇ. "ನೀರು ಬಿಡದವರಿಗೆ ಪಟ್ಟಿ ಏಕೆ?" ಎಂಬುದು ನಮ್ಮ ಜಾಣ ವಾದ. ಊರಲ್ಲಿಯೇ ಇರುವ ತಂಗಿ ಒಂದು ದಿನ ಫೋನಿನಲ್ಲಿ ಅಂದಳು: "ಅಣ್ಣಾ, ನೀ ಅಲ್ಲೆ ಕೂತು ಸಿಟ್ಟಿಲೆ ರೊಕ್ಕ ಕಟ್ಟೂದಿಲ್ಲ. ಇಲ್ಲೆ ಕೊಡಾ ಹಿಡಕೊಂಡು ನಿಲ್ಲಾವ್ರು ನಾವು."

ಬಡ್ಡಿ ಸಹಿತ ಕಟ್ಟಿದೆವು. ಕರ್ನಾಟಕದ ಊರುಗಳಲ್ಲಿ ಸಾಮಾನ್ಯವಾಗಿ ಏಪ್ರಿಲ್ ತಿಂಗಳೊಳಗೆ ಕಟ್ಟಿದವರಿಗೆ ನೂರಕ್ಕೆ 5ರಷ್ಟು ರಿಯಾಯಿತಿಯೂ ಉಂಟು. ಈ ಲಾಭವನ್ನು ನಾವು ನಾಲ್ಕು ಸಲ ಕಳೆದುಕೊಂಡೆವು. ರಸೀತಿಯ ಪ್ರತಿಯೊಡನೆ ನಮ್ಮ ವಾರ್ಡಿನ ಸದಸ್ಯರಿಗೆ ಕಳೆದ ವಾರ ಒಂದು ಕಾಗದ ಬರೆದಿದ್ದೇವೆ: ಬರುವ ವರ್ಷದ ಅಂದಾಜುಪತ್ರಿಕೆಯಲ್ಲಿ ನಮ್ಮ ಓಣಿಯ ಕೊಳವೆಗೆ ಎಷ್ಟು, ಊರ ಬಾಗಿಲಿನ ಕಮಾನಿಗೆ ಎಷ್ಟು ಎಂದು. ದೀಪಾವಳಿಯ ರಜೆಗೆ ಊರಿಗೆ ಹೋಗುವವರಿದ್ದೇವೆ. ಅವರ ಮನೆಗೇ ಹೋಗಿ ಕೇಳಿ ಬರುತ್ತೇವೆ.